ಸತ್ತವಳ ಪಾಸ್‌ಪೋರ್ಟು

"ಕುವೈತಿನ ಮಾರಾಣಿ ಬಂದವ್ಳೆ, ದಾರಿ ಬುಡ್ರಪ್ಪೋ! ಯಾಕಮ್ಮಿ ಮಂಚಿ, ಸೊಂಟ ಬಗ್ಗಾಕಿಲ್ವಾ? ಅಲ್ಲಿ ಸೇಕುಗಳ ಅರಮನೇಲಿ ಎಮ್ಮೆಗೋಳು ಸಗಣಿ ಆಕ್ತಿರ್ನಿಲ್ವಾ?"

ಜಗಲಿಯ ಮೇಲೆ ಬೇವಿನಕಡ್ಡಿ ಜಗಿಯುತ್ತಾ ಕೂತಿದ್ದ ಶಿವಣ್ಣೇಗೌಡ ಅಲ್ಲಿಂದಲೇ ಕೂಗಿದ. ಎದುರಿನ ಕೊಟ್ಟಿಗೆಯಲ್ಲಿ ಮಂಕರಿಗೆ ಸಗಣಿ ತುಂಬುತ್ತಿದ್ದ ಮಂಚಮ್ಮ ತಲೆಯೆತ್ತದೆ, "ಬಗ್ತದೆ ಬುದ್ಧಿ, ಅಭ್ಯಾಸ ಎಲ್ಲಿಗೋದದು" ಅಂದಳು.

"ಮಾತ್ ಮಾತ್ರ ಚೆಂದಾಗ್ ಕಲ್ತ್ಕಂಡ್ ಬಂದಿದ್ದೀಯ, ಮುಂಡೆ."

"ಮಾತು ಇಲ್ಲೇ ಕಲ್ತಿದ್ದು ಬುದ್ಧಿ. ಅಲ್ಲಿ ಬರೀ ಅರಬ್ಬಿ."

ಬೂಕನಕೆರೆಯಿಂದ ಎರಡು ಮೈಲಿ ಒಳಕ್ಕಿರುವ ಸಿಂಗನಕೊಪ್ಪಲಿಗೆ ಅವಳು ಯುದ್ಧದ ಬಾಯಿಂದ ತಪ್ಪಿಸಿಕೊಂಡು ಬಂದು ಅವತ್ತಿಗೆ ಐದು ದಿನ. ಗೌಡ ಮಂಡಲ ಪಂಚಾಯ್ತಿಯ ಪ್ರಧಾನ. ಅವನ ಮಗ ನಿಂಗರಾಜು ಕುವೈತಿನಲ್ಲಿ ಇಂಜಿನಿಯರು. ಆ ಮಗನ ಮನೆಗೆಲಸಕ್ಕೆಂದು ಎರಡು ವರ್ಷದ ಹಿಂದೆ ಕೇರಿಯ ಮಂಚಮ್ಮನನ್ನು ವಿಮಾನ ಹತ್ತಿಸಿದ್ದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ್ದೇ ತಡ ಅಲ್ಲಿದ್ದ ನಮ್ಮವರೆಲ್ಲ ಗಂಟುಮೂಟೆ ಕಟ್ಟಿದರು. ಸರ್ಕಾರ ವಿಮಾನದ ಮೇಲೆ ವಿಮಾನ ಕಳಿಸಿ ಲಕ್ಷಗಟ್ಟಲೆ ಜನರನ್ನು ಹೊತ್ತುಕೊಂಡು ಬಂತು. ನಿಂಗರಾಜು, ಅವನ ಹೆಂಡತಿ ಅರ್ಪಿತ, ಎರಡೂವರೆ ವರ್ಷದ ಮಗಳು ಚಿನ್ನು ಬಂದು ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತರು. ಮಂಚಮ್ಮ ಕೊಟ್ಟಿಗೆ ಸೇರಿದಳು.

ಕೊಟ್ಟಿಗೆ ಸೇರಿದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಅಲ್ಲೇ ಮಲಗಬೇಕಾಗಿ ಬಂದದ್ದಕ್ಕೆ ಹೊಟ್ಟೆ ಉರಿಯುತ್ತಿತ್ತು. ಕೇರಿಯ ಬಾಯಲ್ಲೇ ಅವಳದೊಂದು ಗುಡಿಸಲಿತ್ತು. ಗಂಡ ಬೋರಯ್ಯ ಸತ್ತ ವರ್ಷ ಸರ್ಕಾರ ಆ ಜಾಗಕ್ಕೆ ಹಕ್ಕುಪತ್ರ ಕೊಟ್ಟಿತ್ತು. ಬಂದು ನೋಡಿದರೆ ಗುಡಿಸಲೂ ಇಲ್ಲ, ಒಲೆಯೂ ಇಲ್ಲ. ಅದರ ಮೇಲೆ ಗೌಡನ ಹುಲ್ಲಿನ ಮೆದೆ ಬೆಟ್ಟದ ಹಾಗೆ ಕೂತಿತ್ತು.

"ಬುದ್ಧಿ, ನನ್ ಗುಡ್ಲು ಜಾಗದ್ ಇಚಾರ..." ಅಂತ ಅವಳು ಮಂಕರಿಯನ್ನು ತಲೆಗೆತ್ತಿಕೊಳ್ಳುತ್ತಾ ರಾಗ ಎಳೆದಳು.

"ಯಾವ ಗುಡ್ಲು?"

"ಅದೇ, ನೀವು ಮೆದೆ ಒಟ್ಟಿಸಿದ್ದೀರಲ್ಲ."

"ಮಂಚಮ್ಮ ಅನ್ನೋಳು ಊರಲ್ಲಿ ವಾಸ ಇಲ್ಲ, ಪತ್ತೇನೂ ಇಲ್ಲ ಅಂತ ಮಂಡಲದಿಂದ ರಿಪೋರ್ಟ್ ಆಗ್ಹೋಗದೆ ಕನಮ್ಮಿ. ಜಾಗ ವಾಪಸ್ಸು."

"ನಿಮ್ ಎದ್ರುಗೇ ನಿಂತಿವ್ನಲ್ಲ ಬುದ್ಧಿ!"

"ನಿಂತ್ಕಂಡ್ರೆ? ರಿಪೋರ್ಟಲ್ಲಿ ಇಲ್ಲ ಅಂದ್ಮೇಲೆ ಇಲ್ಲ. ತಿಪ್ಪೆಗ್ ಆಕೋಗು, ಸೋರ್ತದೆ."

ಕ್ಯಾಕರಿಸಿ ಉಗಿದು ಬಾಯಿ ಮುಕ್ಕಳಿಸಿ ಗೌಡ ಒಳಗೆ ಹೋದ. ಊರಲ್ಲಿಲ್ಲದ ಮಂಚಮ್ಮ ಸಗಣಿ ಹೊತ್ತು ತಿಪ್ಪೆಯ ಕಡೆ ಹೋದಳು.

ಅವಳು ಕುವೈತಿಗೆ ಹೋದ ಕಥೆಯೇ ಒಂದು ತಮಾಷೆ. ಅರ್ಪಿತ ಮೈಸೂರಿನಲ್ಲಿ ಓದಿದವಳು. ಅವಳು ಮುದ್ದೆ ತೊಳಸಿದರೆ ಗಂಟು, ಬಿಟ್ಟರೆ ಗಂಜಿ. ನಿಂಗರಾಜುವಿಗೋ ಮುದ್ದೆ ಇಲ್ಲದಿದ್ದರೆ ಊಟ ಇಳಿಯದು. ಜೊತೆಗೆ ಹಸುಗೂಸು. ನೆಂಟರ ಪೈಕಿ ಯಾರನ್ನಾದರೂ ಕರೆದುಕೊಂಡು ಹೋಗೋಣವೆಂದರೆ ಅವರನ್ನೇ ಕೂರಿಸಿ ಉಣಿಸಬೇಕಾದೀತು. ಕೊನೆಗೆ ಅವನ ಕಣ್ಣು ಕೊಟ್ಟಿಗೆಯ ಮೇಲೆ ಬಿತ್ತು. ಮಂಚಮ್ಮನಿಗೆ ಹಿಂದಿಲ್ಲ ಮುಂದಿಲ್ಲ, ಗಂಡನಿಲ್ಲ ಮಕ್ಕಳಿಲ್ಲ, ಕೊಟ್ಟದ್ದು ಉಂಡು ಬಿದ್ದಿರುತ್ತಾಳೆ. ಹೆತ್ತವರಿಗೆ, "ಬಟ್ಟೆ ಒಗ್ಯಾಕೆ, ಮಗು ಎತ್ಕಳಾಕೆ ಅಷ್ಟೇಯ. ಅಡಿಗೆಮನೆ ಅರ್ಪಿತಂದೇ" ಅಂತ ಹೇಳಿದ.

ಕೆಲಸದವಳೆಂದು ಬರೆದರೆ ವೀಸಾಗೆ ತರಲೆ, ಮನೆಯವಳೆಂದು ಬರೆದರೆ ಸಲೀಸು ಅಂತ ಬೊಂಬಾಯಿಯ ಏಜೆಂಟು ಹೇಳಿಕೊಟ್ಟಿದ್ದ. ಮನೆಯವಳೊಬ್ಬಳು ಗೌಡನ ರೇಷನ್ ಕಾರ್ಡಿನಲ್ಲಿ ಸಿದ್ಧವಾಗಿಯೇ ಇದ್ದಳು. ಗೌಡನ ತಂಗಿ ಪುಟ್ಟಲಕ್ಷ್ಮಮ್ಮ ಕಾಮಾಲೆಯಾಗಿ, ಮದುವೆಗೂ ಮುಂಚೆ ಸತ್ತು ಹದಿನಾರು ವರ್ಷವಾಗಿತ್ತು. ಆದರೆ ಕಾರ್ಡಿನಿಂದ ಅವಳ ಹೆಸರು ತೆಗೆಸುವ ಹುಚ್ಚು ಕೆಲಸವನ್ನು ಗೌಡ ಮಾಡಿರಲಿಲ್ಲ. ಆ ಹುಡುಗಿ ಸ್ವರ್ಗದಲ್ಲಿದ್ದುಕೊಂಡೇ ತಿಂಗಳು ತಿಂಗಳೂ ತನ್ನ ಪಾಲಿನ ಸಕ್ಕರೆ, ಸೀಮೆಎಣ್ಣೆ ತಪ್ಪದೆ ತರಿಸಿಕೊಳ್ಳುತ್ತಿದ್ದಳು. ಪಿತೃಪಕ್ಷದಲ್ಲಿ ಅವಳಿಗೆ ಸೀರೆ ಇಟ್ಟು ಎಡೆ ಹಾಕುವುದನ್ನೂ ಮನೆಯವರು ತಪ್ಪಿಸುತ್ತಿರಲಿಲ್ಲ. ಅಂತೂ ಆ ಮನೆಯಲ್ಲಿ ಅವಳು ಸತ್ತವಳ ಲೆಕ್ಕಕ್ಕೂ ಇದ್ದಳು, ಬದುಕಿದವಳ ಲೆಕ್ಕಕ್ಕೂ ಇದ್ದಳು.

ನಿಂಗರಾಜು ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅದೇ ಹೆಸರಿಗೆ ಮಂಚಮ್ಮನ ಫೋಟೋ ಅಂಟಿಸಿದ. "ಸದರಿ ಪುಟ್ಟಲಕ್ಷ್ಮಮ್ಮ ಬಿಂತ್ ಲೇಟ್ ಹೊನ್ನೇಗೌಡ ಇವರು ಇದೇ ಗ್ರಾಮದ ಖಾಯಂ ವಾಸಿಯಾಗಿದ್ದು, ನನ್ನ ಸಹೋದರಿಯಾಗಿರುತ್ತಾರೆ" ಅಂತ ದೃಢೀಕರಣ ಪತ್ರ ಬರೆಸಿ ಅಪ್ಪನ ಮುಂದಿಟ್ಟ. ಪ್ರಧಾನನಾದ ಹೊಸತು. ಮಗ ತಂದ ಕಾಗದವನ್ನೆಲ್ಲ ಓದುತ್ತಾ ಕೂರುವುದುಂಟೆ? ಗೌಡ ಸೀಲಿಗೆ ಬಾಯಿಂದ ಹಬೆ ಊದಿ ಕುಟ್ಟಿಬಿಟ್ಟ.

ಮಂಚಮ್ಮನಿಗೆ ಹೆಬ್ಬೆಟ್ಟು ಒತ್ತುವಾಗ ಸಂಕಟವಾಗಿದ್ದು ನಿಜ. ಪುಟ್ಟಲಕ್ಷ್ಮಿ ಅವಳ ವಾರಗೆಯವಳು. ಗದ್ದೆಯಲ್ಲಿ ಕಳೆ ಕೀಳುವಾಗ ಯಾರೂ ನೋಡದ ಹೊತ್ತಲ್ಲಿ ಸೆರಗಿನಿಂದ ಹುರಿಗಡಲೆ ತೆಗೆದು ಮಂಚಮ್ಮನ ಕೈಗೇ ಕೊಟ್ಟು, ಕೈಗೆ ಕೈ ತಾಗಿದರೆ ನಗುತ್ತಿದ್ದ ಹುಡುಗಿ. ಆ ಮನೆಯಲ್ಲಿ ಹಾಗೆ ನಕ್ಕವಳು ಅವಳೊಬ್ಬಳೇ.

ಕುವೈತಿನಲ್ಲಿ ಕನ್ನಡದವರ ಮನೆಗಳು ಹತ್ತಾರು. ವಾರವಾರ ಊಟಕ್ಕೆ ಬರುತ್ತಿದ್ದರು. ಅವರ ಮುಂದೆ ನಿಂಗರಾಜು ಅವಳನ್ನು ಅತ್ತೆ ಅನ್ನಲೇಬೇಕು. ಮೊದಲ ಸಲ ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಆಮೇಲೆ ಉಪ್ಪುಸಾರಿನ ರುಚಿ ನಾಲಿಗೆಗೆ ಹತ್ತಿ ಸಲೀಸಾಯಿತು. ಚಿನ್ನುವಿಗಂತೂ ಅವಳೇ ಪುಟ್ಟಜ್ಜಿ. ಮಗು ಮೊದಲ ಹಲ್ಲಿನಿಂದ ಕಚ್ಚಿದ್ದು ಅವಳ ಬೆರಳನ್ನೇ.

ಆಗಸ್ಟಿನಲ್ಲಿ ಎಲ್ಲ ತಲೆಕೆಳಗಾಯಿತು. ನಿಂಗರಾಜುವಿನ ಕಂಪನಿಯ ಯಜಮಾನ ಮೊದಲ ರಾತ್ರಿಯೇ ಪರಾರಿ. ನಲ್ಲಿಯಲ್ಲಿ ನೀರಿಲ್ಲ, ಅಂಗಡಿಯಲ್ಲಿ ಅಕ್ಕಿಯಿಲ್ಲ. ಬಸ್ಸು ಹಿಡಿದು ಬಸ್ರಾ, ಅಲ್ಲಿಂದ ಬಾಗ್ದಾದು, ಅಲ್ಲಿಂದ ಜೋರ್ಡಾನಿನ ಗಡಿ. ಗಡಿಯ ಮರಳುಗಾಡಿನಲ್ಲಿ ಹನ್ನೊಂದು ದಿನ ಡೇರೆಯಲ್ಲಿ ಬಿದ್ದಿದ್ದರು. ಎರಡನೇ ದಿನವೇ ಅರ್ಪಿತಳಿಗೆ ವಾಂತಿ ಭೇದಿ. ಇಂಜಿನಿಯರು ತಲೆಯ ಮೇಲೆ ಕೈ ಹೊತ್ತು ಮರಳು ನೋಡುತ್ತಾ ಕೂತ.

ಮಂಚಮ್ಮ ಕೂರಲಿಲ್ಲ. ನೀರಿನ ಟ್ಯಾಂಕರು ಬಂದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವಳು ಹುಟ್ಟಿದಾಗಿನಿಂದ ಊರ ಬಾವಿಯಿಂದ ದೂರದಲ್ಲಿ ಕೊಡ ಇಟ್ಟು ಯಾರಾದರೂ ಹುಯ್ಯಲೆಂದು ಕಾದವಳು. ಅಲ್ಲಿ ಮಾತ್ರ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮೊಣಕೈಯಿಂದ ದಾರಿ ಮಾಡಿಕೊಂಡು ನೇರ ನಲ್ಲಿಗೇ ಬಾಯಿ ಕೊಟ್ಟಳು. ಯಾರೂ ಅವಳ ಜಾತಿ ಕೇಳಲಿಲ್ಲ. ಕೇಳಲು ಯಾರ ಬಾಯಲ್ಲೂ ಎಂಜಲು ಉಳಿದಿರಲಿಲ್ಲ. ಅವಳು ತಂದ ಬಿಂದಿಗೆಯಿಂದ ಮಲಯಾಳಿ ನರ್ಸು ಕುಡಿದಳು, ಪಂಜಾಬಿನ ಡ್ರೈವರು ಕುಡಿದ, ಆಂಧ್ರದ ಕೂಲಿಗಳು ಕುಡಿದರು, ಶಿವಣ್ಣೇಗೌಡನ ಮಗ ಎಲ್ಲರಿಗಿಂತ ಮುಂಚೆ ಕುಡಿದ. ಮೂರು ಕಲ್ಲು ಹೂಡಿ, ರಟ್ಟಿನ ಡಬ್ಬ ಉರಿಸಿ, ಮೈದಾಹಿಟ್ಟಿನಲ್ಲೇ ಮುದ್ದೆ ಕಟ್ಟಿ ಅವಳು ಮೂವರನ್ನೂ ಉಳಿಸಿಕೊಂಡಳು. ಅವಳು ಸೊಂಟದಲ್ಲಿ ಬಿಂದಿಗೆ, ಹೆಗಲಲ್ಲಿ ಮಗು ಹೊತ್ತು ಬರುವಾಗ ಯಾರೋ ಪೇಪರಿನವನು ಫೋಟೋ ಹೊಡೆದುಕೊಂಡ.

ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಇರಲಿ ಅಂತ ನಿಂಗರಾಜು ಅವರವರ ಕಾಗದ ಅವರವರ ಕೈಗೆ ಕೊಟ್ಟಿದ್ದ. ಮಂಚಮ್ಮ ತನ್ನ ಪಾಸ್‌ಪೋರ್ಟನ್ನೂ ಅದರೊಳಗೆ ಮಡಚಿದ್ದ ದೃಢೀಕರಣ ಪತ್ರವನ್ನೂ ಎಲೆಯಡಿಕೆಯ ಸಂಚಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಮ್ಮ ಸರ್ಕಾರದ ಆಫೀಸರು ಮಡಚುವ ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳುವಾಗ, "ಕೂತ್ಕೊಳಿ ಅಮ್ಮ" ಅಂದರು. ನಲವತ್ತು ವರ್ಷದಲ್ಲಿ ಮೇಜಿನ ಹಿಂದೆ ಕೂತ ಮನುಷ್ಯ ಅವಳಿಗೆ ಆ ಮಾತು ಅಂದಿದ್ದು ಅದೇ ಮೊದಲು. ಹೆಸರು ಸುಳ್ಳಾದರೂ ಕುರ್ಚಿ ನಿಜವಾಗಿತ್ತು.

ಬೊಂಬಾಯಿಯ ವಿಮಾನ ಹತ್ತುವಾಗ ನಿಂಗರಾಜು ಅತ್ತುಬಿಟ್ಟ. "ಊರಿಗೋದ್ಮೇಲೆ ನಿನ್ ಗುಡ್ಲು ಜಾಗದಲ್ಲಿ ಎಂಚಿನ ಮನೆ ಕಟ್ಟುಸ್ಕೊಡ್ತೀನಿ ಅತ್ತೆ. ನಿನ್ ಋಣ ತೀರ್ಸಕಾಗಲ್ಲ" ಅಂದ. ಆ ಅತ್ತೆ ಅನ್ನುವ ಮಾತು ಬೊಂಬಾಯಿ ದಾಟಿತು, ಬೆಂಗಳೂರು ದಾಟಿತು, ಶ್ರೀರಂಗಪಟ್ಟಣಕ್ಕೆ ಬಂದು ನಿಂತುಹೋಯಿತು.

ಯಾಕೆಂದರೆ ಅಲ್ಲಿ ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಗೌಡ ತನ್ನ ಹೆಂಡತಿ ಪುಟ್ಟತಾಯಮ್ಮನ ಜೊತೆ ಪುರೋಹಿತ ಅನಂತರಾಮುವನ್ನು ಕರೆಸಿಕೊಂಡು ಕಾಯುತ್ತಿದ್ದ. ಶುದ್ಧಿಯಾಗದೆ ಮಗ ಸೊಸೆ ಮನೆಗೆ ಕಾಲಿಡುವಂತಿಲ್ಲ.

"ಸಮುದ್ರ ದಾಟಿದ್ದಕ್ಕೆ ಒಂದು ಮುಳುಗು, ಕಂಡಕಂಡವರ ಜೊತೆ ಡೇರೆಯಲ್ಲಿದ್ದದ್ದಕ್ಕೆ ಒಂದು" ಅಂತ ಅನಂತರಾಮು ದರ್ಭೆ ಎಣಿಸುತ್ತಾ ಹೇಳಿದರು. "ಬೇರೆಯವರ ಕೈಯಡಿಗೆ ಏನಾದರೂ ಊಟ ಮಾಡಿದ್ದುಂಟೇನಪ್ಪಾ?"

ನಿಂಗರಾಜು ಹೊಳೆಯ ಕಡೆ ನೋಡಿದ. "ಇಲ್ಲ ಸ್ವಾಮಿ. ಬರೀ ಬ್ರೆಡ್ಡು."

ಸೂಟ್‌ಕೇಸು ಕಾಯುತ್ತಾ ನಿಂತಿದ್ದ ಮಂಚಮ್ಮನ ಕಡೆ ತಿರುಗಿ ಅನಂತರಾಮು, "ನೀನು ಮೇಲ್ಗಡೆ ನಿಲ್ಲಬೇಡಮ್ಮ, ನೀರು ಹರಿದು ಹೋಗುವ ಕಡೆ, ಆ ಕೆಳಗೆ ಹೋಗು" ಅಂದರು. ಅವಳು ಕೆಳಗೆ ಹೋಗಿ ನಿಂತಳು. ಮರಳುಗಾಡಿನ ಟ್ಯಾಂಕರಿಗೆ ಮೇಲ್ಗಡೆ ಕೆಳಗಡೆ ಅನ್ನುವುದಿರಲಿಲ್ಲ, ಒಂದೇ ನಲ್ಲಿ. ಇಲ್ಲಿ ಇವರು ತೊಳೆದುಕೊಂಡ ಪಾಪವೆಲ್ಲ ತೇಲಿಕೊಂಡು ನೇರ ತನ್ನ ಕಾಲಿಗೇ ಬರುತ್ತಿದೆಯಲ್ಲ ಅನ್ನಿಸಿ, ಎರಡು ಮಾರು ಪಕ್ಕಕ್ಕೆ ಸರಿದಳು.

ಇಷ್ಟರಲ್ಲೇ ಮುಗಿದಿದ್ದರೆ ಮೆದೆಯ ಕೆಳಗೆ ಗುಡಿಸಲೂ ಮುಗಿದುಹೋಗುತ್ತಿತ್ತು. ಆದರೆ ಕುವೈತಿನಿಂದ ಬಂದವರ ಪಟ್ಟಿಯನ್ನು ಪರಿಶೀಲಿಸಲು ತಹಸೀಲ್ದಾರರು ಖುದ್ದಾಗಿ ಬರುತ್ತಾರೆಂದು ಕೆ.ಆರ್. ಪೇಟೆಯಿಂದ ಕಾಗದ ಬಂತು. ಗೌಡ ಕನ್ನಡಕ ಏರಿಸಿ ಜಗಲಿಯ ಮೇಲೆ ಕೂತು ಹತ್ತು ಜನಕ್ಕೆ ಕೇಳಿಸುವ ಹಾಗೆ ಓದಲು ಶುರು ಮಾಡಿದ. ಮಗನ ಹೆಸರು ಬಂತು, ಸೊಸೆಯದು ಬಂತು, ಮೊಮ್ಮಗಳದು ಬಂತು. ನಾಲ್ಕನೆಯದು ಕಣ್ಣಿಗೆ ಬಿದ್ದದ್ದೇ ಕಾಗದ ಮಡಚಿಕೊಂಡು ಒಳಕ್ಕೆ ಓಡಿದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಪಾಳಕ್ಕೆ ಬಿಟ್ಟ ಸದ್ದು ಕೊಟ್ಟಿಗೆಯವರೆಗೂ ಕೇಳಿಸಿತು.

"ಬೋಳಿಮಗನೆ, ಸತ್ತೋಗಿರೋ ನನ್ ತಂಗೀನಾ ಕುವೈತ್‌ಗೆ ಕರ್ಕಂಡೋಗಿದ್ಯಾ? ಅದೂ ಆ ಹೊಲಗೇರಿ ಮುಂಡೆ ಮಕ ಅಂಟ್ಸಿ?"

"ಸೀಲ್ ಒತ್ತಿದ್ದು ನೀನೇ ಕಣಪ್ಪ!"

"ಓದಿ ಯೋಳ್ಬಾರ್ದೇನ್ಲಾ, ಲೋಫರ್!"

ಪುಟ್ಟತಾಯಮ್ಮ, "ಅಯ್ಯೋ ನನ್ ನಾದಿನಿ ಪುಟ್ಟಲಕ್ಷ್ಮವ್ವೋ" ಅಂತ ಎದೆ ಬಡಿದುಕೊಂಡು ಅಳತೊಡಗಿದಳು. ಅವಳಿಗೆ ವಿಷಯ ಪೂರ್ತಿ ಅರ್ಥವಾಗಿರಲಿಲ್ಲ.

ಕೂಡಲೇ ಗೌಡ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಎಲ್ಲಮ್ಮಿ ಆ ಬುಕ್ಕು?"

"ಮಡಗಿವ್ನಿ ಬುದ್ಧಿ."

"ತತ್ತಾ ಇಲ್ಲಿ. ಒಲೆಗ್ ಆಕ್ತೀನಿ."

"ಮೆದೆ ಎತ್ತಿಸ್ಬುಡಿ. ಕೊಟ್ಬುಡ್ತೀನಿ."

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಆಶ್ಚರ್ಯವಾಗಿತ್ತು. ಗೌಡ ಕಾಲೆತ್ತಿ ಮಂಕರಿಗೆ ಒದ್ದ. ಸಗಣಿ ಅವಳ ಸೀರೆಗೆಲ್ಲ ಸಿಡಿಯಿತು. "ನನ್ಗೇ ಕರಾರ್ ಆಕ್ತೀಯಾ? ನಾಡಿದ್ದು ಆಫೀಸರು ಬರೋ ಹೊತ್ಗೆ ಎಮ್ಮೆ ಹೊಡ್ಕಂಡ್ ಕೆರೆ ಹಿಂದಕ್ ಹೋಗಿರ್ಬೇಕು. ಕಣ್ಣಿಗ್ ಬಿದ್ಯೋ, ಮೆದೆ ಜೊತ್ಗೆ ನಿನ್ನೂ ಸುಟ್ಬುಡ್ತೀನಿ" ಅಂತ ಹೋದ.

ಅಷ್ಟರಲ್ಲಿ ನಿಂಗರಾಜು ಕೆನ್ನೆ ಸವರಿಕೊಳ್ಳುತ್ತಾ ಬಂದ. ಸುತ್ತ ನೋಡಿ ಮೆಲ್ಲಗೆ, "ಕೊಟ್ಬುಡು ಮಂಚಮ್ಮ. ನನ್ನ ಜೈಲಿಗ್ ಆಕ್ತಾರೆ" ಅಂದ.

"ಅತ್ತೆ ಅನ್ನಿ, ಕೊಡ್ತೀನಿ."

ಅವನ ತುಟಿ ಅಲ್ಲಾಡಿತು. ಅಂಗಳದಲ್ಲಿ ಯಾರೋ ನಡೆದ ಸದ್ದಾಯಿತು. ಅವನು ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಮಂಕರಿಗೆ ಬಿದ್ದ ಒದೆಗಿಂತ ಮಂಚಮ್ಮನಿಗೆ ಇದೇ ಹೆಚ್ಚು ನೋಯಿತು. ಮರಳುಗಾಡಿನಲ್ಲಿ ಅವನ ಬಾಯಿಗೆ ನೀರು ಬಿಟ್ಟದ್ದು ಇದೇ ಕೈ.

ಸಾಯಂಕಾಲ ಕೇರಿಗೆ ಹೋಗಿ ಕುಳ್ಳಯ್ಯನ ಮುಂದೆ ಕೂತಳು. ಕುಳ್ಳಯ್ಯ ಅವಳ ಗಂಡನ ಸೋದರಮಾವ, ಕೇರಿಗೆ ಹಿರಿಯ. ಎಲ್ಲ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಮ್ಮು ಬಂದು ನಗು ನಿಂತಿತು.

"ಅಂಗಾರೆ ನೀನು ಗೌಡ್ನ ತಂಗಿ! ಎದ್ದು ನಿಂತ್ಕಬೇಕೇನವ್ವ ನಾನು?"

"ತಮಾಸೆ ಬುಡು ಮಾವ. ಗುಡ್ಲಿಗೆ ಏನ್ ದಾರಿ ಯೋಳು."

ಕುಳ್ಳಯ್ಯ ಗುಡಿಸಲ ಸೂರಿಗೆ ಕೈ ಹಾಕಿ ಮಡಚಿದ ಕಾಗದವೊಂದನ್ನು ಎಳೆದ. "ಮೆದೆ ಒಟ್ಟೋ ದಿವ್ಸ ಸ್ಕೂಲ್ ಗ್ವಾಡೆಗ್ ಅಂಟ್ಸಿದ್ರು. ನನಗೆಲ್ ಓದಾಕ್ ಬತ್ತದೆ? ನೀನು ಊರಲ್ಲಿಲ್ಲ ಅಂತ ಬರ್ದದೆ ಅಂದ್ರು. ಸೀಲಿತ್ತಲ್ಲ, ಯಾವತ್ತಾದ್ರೂ ಬೇಕಾಯ್ತದೆ ಅಂತ ಕಿತ್ಕ ಬಂದು ಮಡಗಿದ್ದೆ."

ಮಂಚಮ್ಮನೂ ಓದಿದವಳಲ್ಲ. ಆದರೆ ಸೀಲು ನೋಡಲು ಅಕ್ಷರ ಯಾಕೆ ಬೇಕು? ಸಂಚಿಯಿಂದ ತನ್ನ ದೃಢೀಕರಣ ಪತ್ರ ತೆಗೆದು ಪಕ್ಕದಲ್ಲಿ ಹಾಸಿದಳು. ಎರಡರಲ್ಲೂ ಅದೇ ದುಂಡು, ಒಳಗೆ ಅದೇ ಓರೆ ರುಜು. ಒಂದು ಸೀಲು ಅವಳು ಇಲ್ಲ ಅನ್ನುತ್ತಿತ್ತು. ಇನ್ನೊಂದು ಸತ್ತವಳು ಇದ್ದಾಳೆ ಅನ್ನುತ್ತಿತ್ತು. ಈ ಸಲ ಮಂಚಮ್ಮನೇ ಮೊದಲು ನಕ್ಕಳು.

ತಹಸೀಲ್ದಾರರು ಬರುವ ದಿನವೇ ಗೌಡನ ಮನೆಯಲ್ಲಿ ಪಿತೃಪಕ್ಷದ ಎಡೆ. ದಿನ ಬದಲಿಸಿ ಅಂತ ಆಫೀಸರಿಗೆ ಹೇಳುವಂತಿಲ್ಲ, ಸತ್ತವರಿಗೆ ಹೇಳಿದರೂ ಅವರು ಕೇಳುವಂತಿಲ್ಲ. ಪುಟ್ಟತಾಯಮ್ಮ ಬೆಳಿಗ್ಗೆಯೇ ನಡುಮನೆಯಲ್ಲಿ ಕಳಸ ಹೂಡಿ, ಅತ್ತೆ ಮಾವನಿಗೆ ಒಂದೊಂದು, ನಾದಿನಿಗೆ ಒಂದು ಎಲೆ ಹಾಸಿ, ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಬಡಿಸಿದಳು. ನಾದಿನಿಯ ಎಲೆಯ ಪಕ್ಕ ಕೆಂಪಂಚಿನ ಸೀರೆ ಇಟ್ಟಳು. ಸತ್ತವರು ಬಂದು ಉಂಡುಹೋಗಲಿ ಅಂತ ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬಂದರು. ಅದೇ ಹೊತ್ತಿಗೆ ಜೀಪು ಬಂತು.

ಅಂಗಳದಲ್ಲಿ ಶಾಮಿಯಾನ, ನಾಲ್ಕು ಕುರ್ಚಿ, ಒಂದು ಮೇಜು. ಊರವರು ಶಾಮಿಯಾನದ ಒಳಗೆ, ಕೇರಿಯವರು ಬೇಲಿಯ ಆಚೆ. ತಹಸೀಲ್ದಾರರು ಎಳನೀರು ಕುಡಿದು, ಬಾಯಿ ಒರೆಸಿಕೊಂಡು ಪಟ್ಟಿ ಬಿಚ್ಚಿದರು. ನಿಂಗರಾಜುವಿಗೆ ಹಾರ ಬಿತ್ತು. ಅರ್ಪಿತಳಿಗೆ ಬಿತ್ತು. ಚಿನ್ನು ಹಾರ ಕಿತ್ತು ಹೂ ತಿನ್ನತೊಡಗಿತು.

"ಪುಟ್ಟಲಕ್ಷ್ಮಮ್ಮ ಬಿಂತ್ ಲೇಟ್ ಹೊನ್ನೇಗೌಡ" ಅಂತ ಓದಿ ತಹಸೀಲ್ದಾರರು ತಲೆಯೆತ್ತಿದರು. "ಇವರು ನಿಮ್ಮ ತಂಗಿ ಅಲ್ಲವೇ ಪ್ರಧಾನರೆ? ಪೇಪರಿನಲ್ಲಿ ಫೋಟೋ ನೋಡಿದೆ, ಗಟ್ಟಿ ಹೆಂಗಸು. ಎಲ್ಲಿದ್ದಾರೆ?"

ಊರವರು ಮುಖ ಮುಖ ನೋಡಿಕೊಂಡರು. ಎಡೆ ಹಾಕಿಸಿಕೊಳ್ಳುತ್ತಿರುವವಳು ಫೋಟೋಗೆ ನಿಂತದ್ದು ಯಾವಾಗ?

"ನಾಗಮಂಗಲದ್ ನೆಂಟ್ರ ಮನೆಗ್ ಹೋಗವ್ಳೆ ಸಾರ್" ಅಂದ ಗೌಡ ಬೆವರು ಒರೆಸಿ. "ಮೈಗ್ ಉಸಾರಿಲ್ಲ."

"ಇಲ್ಲೇ ಇವ್ನಿ ಸ್ವಾಮಿ!"

ಬೇಲಿಯ ಆಚೆಯ ಜನ ಎರಡಾಗಿ ದಾರಿ ಬಿಟ್ಟರು. ಮಂಚಮ್ಮ ಮಿಂದು, ಕುವೈತಿನಿಂದ ಉಟ್ಟುಬಂದ ನೈಲಾನು ಸೀರೆಯುಟ್ಟು, ತಲೆಯ ಮೇಲೆ ತಗಡಿನ ಟ್ರಂಕು ಹೊತ್ತು ಬಂದಳು. ಶಾಮಿಯಾನದ ಒಳಕ್ಕೇ ಬಂದಳು. ಟ್ರಂಕು ಇಳಿಸಿ, ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕಕ್ಕೆ ಸರಿಸಿ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟಳು. ತಹಸೀಲ್ದಾರರು ಫೋಟೋ ನೋಡಿದರು, ಮುಖ ನೋಡಿದರು. "ನೀವೇ. ಕೂತ್ಕೊಳಿ" ಅಂದರು.

"ಕೂತ್ಕತೀನಿ ಸ್ವಾಮಿ, ಮೊದ್ಲು ಒಂದ್ ಇಚಾರ ಇತ್ಯರ್ಥ ಆಗ್ಲಿ." ಅವಳು ಎರಡು ಕಾಗದವನ್ನೂ ಅವರ ಮುಂದೆ ಹಾಸಿದಳು. "ಇದ್ರಲ್ಲಿ ಕೇರಿ ಮಂಚಮ್ಮ ಊರಲ್ಲೇ ಇಲ್ಲ ಅಂತ ಸೀಲ್ ಅದೆ. ಇದ್ರಲ್ಲಿ ನಾನು ಪುಟ್ಟಲಕ್ಷ್ಮಮ್ಮ, ಗೌಡ್ರ ತಂಗಿ ಅಂತ ಸೀಲ್ ಅದೆ. ಎಲ್ಡೂ ಇವ್ರೇ ಒತ್ತಿರೋದು. ಯಾವ್ದು ದಿಟ ಅಂತ ಇವ್ರ ಬಾಯಲ್ಲೇ ಯೋಳ್ಸಿ. ನಾನು ಮಂಚಮ್ಮ ಅಂದ್ರೆ ಮೆದೆ ಎತ್ತಿಸ್ಲಿ. ಪುಟ್ಟಲಕ್ಷ್ಮಮ್ಮ ಅಂದ್ರೆ ನಡ್ಮನೆ ಬಾಗ್ಲು ತೆಗೀಲಿ."

ತಹಸೀಲ್ದಾರರು ಎರಡು ಸೀಲನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ವಾಸನೆ ಹತ್ತಿತು. "ಏನು ಪ್ರಧಾನರೆ? ಇವರು ನಿಮ್ಮ ತಂಗಿ ಅಲ್ಲದಿದ್ದರೆ ಪಾಸ್‌ಪೋರ್ಟು ಖೋಟಾ ಆಗುತ್ತೆ. ನಿಮ್ಮ ಮಗನ ಮೇಲೆ ಕೇಸು ಬರೀಬೇಕಾಗುತ್ತೆ."

ಗೌಡ ಮಗನ ಕಡೆ ನೋಡಿದ. ಹಾರ ಹಾಕಿಕೊಂಡ ಮಗ ನೆಲ ನೋಡುತ್ತಿದ್ದ.

"ನನ್... ತಂಗಿ" ಅಂದ ಗೌಡ. ತುಟಿಯಿಂದ ಆಚೆ ಬರದಷ್ಟು ಮೆಲ್ಲಗೆ ಅಂದ.

"ಕೇಳಿಸಲಿಲ್ಲ."

"ನನ್ ತಂಗಿ ಸಾರ್!"

ಬೇಲಿಯ ಆಚೆ ಕುಳ್ಳಯ್ಯ ಒಂದು ಸಿಳ್ಳೆ ಹೊಡೆದ. ಮಂಚಮ್ಮ ಟ್ರಂಕು ಎತ್ತಿ ಸೊಂಟಕ್ಕಿಟ್ಟುಕೊಂಡು ಜಗಲಿ ಹತ್ತಿದಳು. ಹುಟ್ಟಿದಾಗಿನಿಂದ ಕೆಳಗೆ ನಿಂತು ನೋಡಿದ ಜಗಲಿ ಅದು, ಹತ್ತಲು ಮೂರೇ ಮೆಟ್ಟಿಲು. ಪುಟ್ಟತಾಯಮ್ಮ ಓಡಿಬಂದು ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಬ್ಯಾಡ ಕನಮ್ಮಿ, ಎಡೆ ಮಡಗಿವ್ನಿ! ಸತ್ತೋರು ಉಣ್ತಾ ಇರ್ತಾರೆ!"

"ಯಾರ್ಗೆ ಮಡಗಿದ್ದೀಯ ಅತ್ತಿಗೆ? ಪುಟ್ಟಲಕ್ಷ್ಮವ್ವಂಗೆ ತಾನೆ?" ಅಂದಳು ಮಂಚಮ್ಮ. "ಬಂದಿವ್ನಿ. ಬಾಗ್ಲು ಬುಡು."

ಪುಟ್ಟತಾಯಮ್ಮ ಗಂಡನ ಕಡೆ ನೋಡಿದಳು. ಗೌಡ ತಹಸೀಲ್ದಾರರ ಕಡೆ ನೋಡಿದ. ತಹಸೀಲ್ದಾರರು ಪೆನ್ನಿನ ಮುಚ್ಚಳ ತೆಗೆದರು. ಪುಟ್ಟತಾಯಮ್ಮನ ಕೈ ತಾನಾಗಿ ಕೆಳಗಿಳಿಯಿತು. ಚಿನ್ನು ಜನರ ಕಾಲುಗಳ ನಡುವೆ ನುಸುಳಿಕೊಂಡು ಬಂದು ಮಂಚಮ್ಮನ ಸೀರೆ ಹಿಡಿದುಕೊಂಡಿತು.

ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಮಂಚಮ್ಮ ಕೆಂಪಂಚಿನ ಸೀರೆಯನ್ನು ಒಮ್ಮೆ ಸವರಿದಳು. "ನಿನ್ ಎಲೇಲಿ ಉಣ್ತಿವ್ನಿ ಕನಮ್ಮಿ, ಬೇಜಾರ್ ಮಾಡ್ಕಬ್ಯಾಡ" ಅಂತ ಯಾರಿಗೂ ಕೇಳದ ಹಾಗೆ ಅಂದು, ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. ಮುದ್ದೆ ಮುರಿದು, ಸಾರಿಗೆ ಅದ್ದಿ, ಮೊದಲ ತುತ್ತು ಚಿನ್ನುವಿನ ಬಾಯಿಗಿಟ್ಟಳು. ಊರಿಗೆ ಬಂದಾಗಿನಿಂದ ಯಾರ ಕೈಯಲ್ಲೂ ಸರಿಯಾಗಿ ಉಣ್ಣದ ಮಗು ಬಾಯಿ ತುಂಬ ನುಂಗಿತು. ಎರಡನೆಯ ತುತ್ತು ಅವಳು ತನ್ನ ಬಾಯಿಗಿಟ್ಟಳು. ಬಾಗಿಲು ಪೂರ್ತಿ ತೆರೆದಿತ್ತು. ಊರಿಗೆ ಊರೇ ನೋಡುತ್ತಿತ್ತು.

"ಮೆದೆ ಎತ್ರೋ!" ಗೌಡ ಅಂಗಳದಲ್ಲಿ ಅಳುವ ಹಾಗೆ ಕಿರುಚಿದ. "ಈಗ್ಲೇ ಎತ್ರೋ, ಸೂಳೆಮಕ್ಳ! ಆ ಜಾಗ ಬಿಡ್ಸಿ ಮೊದ್ಲು ಇವ್ಳನ್ನ ಈಚೆಗ್ ಕಳ್ಸ್ರೋ!"

ಕೇರಿಯ ಕಡೆ ಗಡಿಬಿಡಿ ಎದ್ದಿತು, ಹುಲ್ಲಿನ ಹೊರೆಗಳು ಧೊಪ್ಪಧೊಪ್ಪನೆ ಬೀಳುವ ಸದ್ದು ಶುರುವಾಯಿತು. ಮಂಚಮ್ಮ ಕೋಳಿಯ ಮೂಳೆ ಚೀಪಿ ಎಲೆಯ ಅಂಚಿಗಿಟ್ಟಳು.

"ನಿಧಾನವಾಗ್ ಎತ್ಲಿ ಅಣ್ಣಯ್ಯ" ಅಂದಳು. "ಅತ್ತಿಗೆ, ಇನ್ನೊಂದ್ ಮುದ್ದೆ ಬಡ್ಸು."